ಆನ್‌ಲೈನ್ ಪಾಠಗಳು ವರ್ಷದಿಂದ ವರ್ಷಕ್ಕೆ ಉಳಿಯಬೇಕಾದರೆ ಏನು ಮಾಡಬೇಕು?

ಪ್ರಶ್ನೆ: ಪದವಿ ಕಾಲೇಜು ಉಪನ್ಯಾಸಕ, ಜಗಳೂರು

2020ರ ಲಾಕ್‌ಡೌನ್ ಕಾಲದಲ್ಲಿ ನಮ್ಮ ವಿಭಾಗದವರೆಲ್ಲ ಸೇರಿ ಅರ್ಥಶಾಸ್ತ್ರದ ನಲವತ್ತು ಪಾಠಗಳನ್ನು ರೆಕಾರ್ಡ್ ಮಾಡಿದ್ದೆವು. ಅವೆಲ್ಲ ಅತಿಥಿ ಉಪನ್ಯಾಸಕರೊಬ್ಬರ ಸ್ವಂತ ಗೂಗಲ್ ಡ್ರೈವ್‌ನಲ್ಲಿದ್ದವು. ಅವರು ಅವಧಿ ಮುಗಿದು ಬೇರೆ ಊರಿಗೆ ಹೋದ ಮೇಲೆ, ಉಚಿತವಾಗಿ ಸಿಗುವ 15 ಜಿಬಿ ಜಾಗ ತುಂಬಿತೆಂದು ಒಂದೊಂದಾಗಿ ಅಳಿಸಿದರು. ಅವರನ್ನು ದೂರುವಂತಿಲ್ಲ, ಜಾಗ ಅವರದ್ದೇ ಆಗಿತ್ತು. ಹಳ್ಳಿಯ ಬಸ್ ತಪ್ಪಿ ಮೊದಲ ಪಿರಿಯಡ್ ಕಳೆದುಕೊಳ್ಳುವ ವಿದ್ಯಾರ್ಥಿಗಳಿಗಾಗಿ ಈ ಕೆಲಸವನ್ನು ಮತ್ತೆ ಆರಂಭಿಸಬೇಕೆಂದಿದ್ದೇವೆ. ಈ ಸಲ ಹೇಗೆ ನಿರ್ವಹಿಸಿದರೆ ಉಳಿದೀತು?

ಉತ್ತರ 1: ಕಂಪ್ಯೂಟರ್ ಲ್ಯಾಬ್ ನೋಡಿಕೊಳ್ಳುವವರು, ದಾವಣಗೆರೆ

ಸರ್, ಕಾಲೇಜಿನ ಕುರ್ಚಿ, ಮೇಜು, ಗ್ಲೋಬಿಗೆಲ್ಲ ದಾಸ್ತಾನು ವಹಿಯಲ್ಲಿ ಒಂದೊಂದು ಸಾಲು ಇರುತ್ತದೆ. ನಿಮ್ಮ ನಲವತ್ತು ಪಾಠಗಳಿಗೆ ಅದು ಇರಲಿಲ್ಲ. ಖಾತೆಯನ್ನು ವ್ಯಕ್ತಿಯ ಹೆಸರಿನಲ್ಲಿ ತೆರೆಯದೆ ವಿಭಾಗದ ಹೆಸರಿನಲ್ಲಿ ತೆರೆಯಿರಿ, ಪಾಸ್‌ವರ್ಡ್ ಇಬ್ಬರು ಕಾಯಂ ಉಪನ್ಯಾಸಕರ ಬಳಿ ಇರಲಿ, ಚಾರ್ಜ್ ವಹಿಸಿಕೊಡುವಾಗ ಪಾಠಗಳ ಪಟ್ಟಿಗೂ ಸಹಿ ಬೀಳಲಿ. ಇನ್ನು ಉಪನ್ಯಾಸಕರ ಮುಖ ತೋರಿಸಲು ವಿಡಿಯೊ ಬೇಕಿಲ್ಲ. 64 ಕೆಬಿಪಿಎಸ್‌ನಲ್ಲಿ (ಸೆಕೆಂಡಿಗೆ 64 ಕಿಲೊಬಿಟ್ ದರದಲ್ಲಿ) ಉಳಿಸಿದ ಒಂದು ಗಂಟೆಯ ಧ್ವನಿ ಪಾಠ 30 ಎಂಬಿಯನ್ನೂ ಮೀರುವುದಿಲ್ಲ. ರೇಖಾಚಿತ್ರಗಳನ್ನು ಹಾಳೆಯ ಮೇಲೆ ಬರೆದು ಫೋಟೊ ತೆಗೆದು ಜೊತೆಗೆ ಕಳಿಸಿದರೆ ಸಾಕು.

ಉತ್ತರ 2: ಪ್ರೌಢಶಾಲಾ ಶಿಕ್ಷಕಿ, ಚಳ್ಳಕೆರೆ

ಖಾತೆಯ ವಿಚಾರ ಒಪ್ಪುತ್ತೇನೆ, ಆದರೆ ಫೋನ್ ಯಾರ ಕೈಯಲ್ಲಿದೆ ಎಂಬುದು ಅದಕ್ಕಿಂತ ಮೊದಲಿನ ಪ್ರಶ್ನೆ. 2020ರ ಆಗಸ್ಟ್‌ನಲ್ಲಿ, ಶಾಲೆಗಳು ಮುಚ್ಚಿದ್ದಾಗ ಮಕ್ಕಳಿರುವಲ್ಲಿಗೇ ಪಾಠ ಒಯ್ಯುವ ರಾಜ್ಯ ಸರ್ಕಾರದ ‘ವಿದ್ಯಾಗಮ’ ಯೋಜನೆ ಶುರುವಾದಾಗ ನಾವು ಮಕ್ಕಳನ್ನು ಇಂಟರ್ನೆಟ್ ಫೋನ್ ಇರುವವರು, ಬರೀ ಫೋನ್ ಇರುವವರು, ಯಾವುದೂ ಇಲ್ಲದವರು ಎಂದು ಮೂರು ಗುಂಪು ಮಾಡಿಕೊಂಡಿದ್ದೆವು. ಅಕ್ಟೋಬರ್‌ನಲ್ಲಿ ಸೋಂಕಿನ ಕಾರಣಕ್ಕೆ ಆ ಯೋಜನೆ ನಿಂತಿತು, ಆದರೆ ಆ ವಿಂಗಡಣೆ ಮಾತ್ರ ನನಗೆ ಇಂದಿಗೂ ಉಪಯೋಗಕ್ಕೆ ಬರುತ್ತಿದೆ. ನನ್ನ ತರಗತಿಯ ಒಬ್ಬ ಹುಡುಗಿಯ ಮನೆಯಲ್ಲಿ ಇರುವುದು ಒಂದೇ ಫೋನ್. ಶೇಂಗಾ ಕೀಳುವ ದಿನಗಳಲ್ಲಿ ಅದು ಅಪ್ಪನ ಜೇಬಿನಲ್ಲಿ ಹೊಲಕ್ಕೆ ಹೋಗಿ, ರಾತ್ರಿ ಎಂಟರ ನಂತರ ಮನೆ ಸೇರುತ್ತದೆ, ಅದೂ ಚಾರ್ಜ್ ಇಲ್ಲದೆ. ಬೆಳಗಿನ ನೇರ ತರಗತಿಗೆ ಅವಳ ಗೈರುಹಾಜರಿ ಹಾಕುವುದು ಅನ್ಯಾಯ.

ಉತ್ತರ 3: ಸ್ನಾತಕೋತ್ತರ ವಿದ್ಯಾರ್ಥಿ, ತೋಳಹುಣಸೆ

ಎಲ್ಲವನ್ನೂ ಹೊಸದಾಗಿ ರೆಕಾರ್ಡ್ ಮಾಡುವ ಅಗತ್ಯ ನನಗಂತೂ ಕಾಣುವುದಿಲ್ಲ. ಸೆಮಿಸ್ಟರ್ ಒಂದರ ವಿಷಯಗಳಲ್ಲಿ ಶೇ 40ರವರೆಗೆ ಕೇಂದ್ರ ಸರ್ಕಾರದ ಆನ್‌ಲೈನ್ ಪಾಠಗಳ ತಾಣ ‘ಸ್ವಯಂ’ ಮೂಲಕ ಓದಲು ವಿಶ್ವವಿದ್ಯಾಲಯ ಅನುದಾನ ಆಯೋಗದ (ಯುಜಿಸಿ) 2021ರ ನಿಯಮದಲ್ಲೇ ಅವಕಾಶವಿದೆ. ಆದರೆ ನಾನು ಓದಿದ ಪಾಠ ಇಂಗ್ಲಿಷಿನಲ್ಲಿತ್ತು. ಬೇಡಿಕೆ, ಪೂರೈಕೆಯನ್ನು ದಾವಣಗೆರೆ ಎಪಿಎಂಸಿಯ ಮೆಕ್ಕೆಜೋಳದ ಧಾರಣೆ ಹಿಡಿದು ಕನ್ನಡದಲ್ಲಿ ವಿವರಿಸುವವರು ಅಲ್ಲಿ ಇರಲಿಲ್ಲ. ನಿಮ್ಮ ಶ್ರಮ ಅಂಥ ಪಾಠಗಳಿಗೆ ಮೀಸಲಾಗಲಿ, ಸರ್.

ಪ್ರಶ್ನೆ ಕೇಳಿದವರು:

ದಾಸ್ತಾನು ವಹಿಯ ಮಾತನ್ನು ಸೋಮವಾರದ ವಿಭಾಗದ ಸಭೆಯಲ್ಲಿ ಇಡುತ್ತೇನೆ. ಮೇಡಂ, ರಾತ್ರಿ ಎಂಟರ ನಂತರ ಪಾಠ ಕೇಳುವ ಮಕ್ಕಳ ಸಂದೇಹಗಳಿಗೆ ನೀವು ಯಾವಾಗ ಉತ್ತರಿಸುತ್ತೀರಿ, ಮರುದಿನ ತರಗತಿಯಲ್ಲೋ ಅಥವಾ ಆಗಲೇ ಫೋನಿನಲ್ಲೋ?