ಅರ್ಧ ದುಡ್ಡು ಜರ್ಮನಿಯದ್ದು

"ಜರ್ಮನ್ ಸರಕಾರ ಕಂಪನಿಗಳಿಗೆ ದುಡ್ಡು ಕೊಡ್ತದಂತೆ. ಸಾಲ ಅಲ್ಲ ಮಾರಾಯ್ರೆ, ಹಿಂದೆ ಕೊಡ್ಲಿಕ್ಕೇ ಇಲ್ಲ!"

ಭೋಜ ಶೆಟ್ರು ಹೀಗೆ ಘೋಷಿಸಿದಾಗ ಕಾಮತ್ ಮಾಮ್ ತಕ್ಕಡಿಯಿಂದ ಕಣ್ಣು ತೆಗೆಯಲಿಲ್ಲ. ಉಡುಪಿಯ ಅವರ ಗೇರುಬೀಜದ ಅಂಗಡಿಯಲ್ಲಿ ಸಂಜೆ ನಾವು ನಾಲ್ಕು ಜನ ಸೇರಿದರೆ ಲೋಕದ ಯಾವುದಾದರೂ ಒಂದು ಸರಕಾರದ ಮಾನ ಹೋಗುವುದು ಗ್ಯಾರಂಟಿ. ಆವತ್ತು ಸರದಿ ಜರ್ಮನಿಯದ್ದು.

"ಹಿಂದೆ ಕೊಡ್ಲಿಕ್ಕಿಲ್ಲದ ದುಡ್ಡು ಯಾರೂ ಕೊಡುವುದಿಲ್ಲ ಶೆಟ್ರೆ" ಎಂದರು ಮಾಮ್. "ಕೊಟ್ಟರೂ ನಿಮಗೆ ಕೊಡುವುದಿಲ್ಲ."

ಭಟ್ ಮಾಸ್ಟ್ರು ಅರ್ಥಶಾಸ್ತ್ರ ಪಾಠ ಮಾಡಿ ನಿವೃತ್ತರಾದವರು. ಕೇಳುವ ಹುಡುಗರು ಈಗ ಇಲ್ಲದ ಕಾರಣ ನಾವು ಸಿಕ್ಕಿಬಿದ್ದಿದ್ದೇವೆ. "ಶೆಟ್ರು ಹೇಳುವುದು ಸುಳ್ಳಲ್ಲ. 1999ರಿಂದ ಉಂಟು. ಡೆವಲೊಪಿಪಿಪಿ ಅಂತ ಹೆಸರು. ಬಡ ದೇಶಗಳಲ್ಲಿ ಏನಾದರೂ ಯೋಜನೆ ಮಾಡುವ ಕಂಪನಿಗೆ ಅಲ್ಲಿನ ಸರಕಾರ ಕೈಜೋಡಿಸುತ್ತದೆ. ಆದರೆ ಖರ್ಚಿನ ಅರ್ಧವಾದರೂ ಕಂಪನಿಯೇ ಹಾಕಬೇಕು."

ಆ ಹೆಸರನ್ನು ಶೆಟ್ರು ಹೇಳಿನೋಡಿದರು. ಮಂಗಳೂರು ಎಕ್ಸ್‌ಪ್ರೆಸ್ ಬಸ್ಸು ಹಾರ್ನ್ ಹಾಕಿದ ಹಾಗೆ ಕೇಳಿತು.

"ಜರ್ಮನ್ ದುಡ್ಡು ನಮಗೆ ಎಂತ ಹೊಸತು?" ರೋಶನ್ ಮಧ್ಯೆ ಬಾಯಿ ಹಾಕಿದ. "ಬಾಸೆಲ್ ಮಿಷನ್ ಸ್ವಿಟ್ಜರ್ಲೆಂಡಿನದ್ದಾದ್ರೂ ಅದರ ಪಾದ್ರಿಗಳು ಹೆಚ್ಚಾಗಿ ಜರ್ಮನ್ನರೇ. ಅವರು 1834ರಲ್ಲೇ ಮಂಗಳೂರಿಗೆ ಬಂದ್ರು. 1865ರಲ್ಲಿ ಅವರಲ್ಲೊಬ್ಬ ಪ್ಲೆಬ್ಸ್ಟ್ ಹಂಚಿನ ಕಾರ್ಖಾನೆ ಹಾಕಿದ. ಮತಾಂತರ ಆದವರಿಗೆ ಜಾತಿಯ ಕಸುಬೂ ಇಲ್ಲ, ಗದ್ದೆಯೂ ಇಲ್ಲ, ಅವರ ಹೊಟ್ಟೆಗೆ ಎಂತ ಗತಿ ಅಂತ ಶುರುವಾದದ್ದು. ಮಿಷನ್ನಿಗಾಗಿ 1859ರಲ್ಲೇ ಒಂದು ವ್ಯಾಪಾರದ ಕಂಪನಿ ಮಾಡಿದ್ರು. ಧರ್ಮಕ್ಕೆ ಧರ್ಮ, ಲಾಭಕ್ಕೆ ಲಾಭ. ನಿಮ್ಮ ತಲೆ ಮೇಲಿನ ಹಂಚಿನ ಮಾಡು ನೋಡಿ, ಅದೇ ಪುಣ್ಯ."

"ಅದೇ ಪುಣ್ಯ ಈಗ ಸೋರ್ತಾ ಉಂಟು" ಎಂದು ಮಾಮ್ ಬಕೆಟನ್ನು ಕಾಲಿನಿಂದಲೇ ಸರಿಮಾಡಿದರು. ಆಟಿಯ ಮಳೆ.

"ಆದರೆ ರೋಶನ್ ಪೊರ್ಬುಗಳೇ, ಅದು ಭಕ್ತರ ಕಾಣಿಕೆಯಿಂದ ಹುಟ್ಟಿದ್ದು. ಇದು ತೆರಿಗೆಯ ದುಡ್ಡು" ಎಂದರು ಮಾಸ್ಟ್ರು. "ತೆರಿಗೆ ಕಟ್ಟಿದವ ಲೆಕ್ಕ ಕೇಳ್ತಾನೆ. ಕೇಳಬೇಕು ಕೂಡ. ಮಲೇಷ್ಯಾದ ಪೆರ್ಗೌ ಅಣೆಕಟ್ಟಿಗೆ ಬ್ರಿಟನ್ 23 ಕೋಟಿ 40 ಲಕ್ಷ ಪೌಂಡ್ ನೆರವು ಕೊಟ್ಟದ್ದು ಗೊತ್ತುಂಟಾ? ಕಟ್ಟಿದ್ದು ಬ್ರಿಟನ್ನಿನದ್ದೇ ಕಂಪನಿಗಳು. ಅದರ ಹಿಂದೆ ಇದ್ದದ್ದು ಆಯುಧ ಮಾರಾಟದ ಒಪ್ಪಂದ. 1994ರಲ್ಲಿ ಅವರದ್ದೇ ಕೋರ್ಟು, ಈ ನೆರವು ಕಾನೂನಿಗೆ ವಿರುದ್ಧ ಅಂತ ತೀರ್ಪು ಕೊಟ್ಟಿತು."

ಅಣೆಕಟ್ಟು ಶೆಟ್ರಿಗೆ ಬೇಡ. ಅವರಿಗೆ ಬೇಕಾದದ್ದು ಹೆಬ್ರಿ ಕಡೆ ಒಂದು ಗೇರುಬೀಜದ ಕಾರ್ಖಾನೆ. ಕೊಲೋನಿನಲ್ಲಿರುವ ಭಾವನ ಮಗ ಒಬ್ಬ ಜರ್ಮನ್ ವ್ಯಾಪಾರಿಯ ಪರಿಚಯ ಮಾಡಿಸುತ್ತಾನಂತೆ. ಅಲ್ಲಿಂದ ಮುಂದಿನದ್ದೆಲ್ಲ ಶೆಟ್ರ ಮಂಡೆಯಲ್ಲಿ ಆಗಲೇ ಉದ್ಘಾಟನೆ ಆಗಿಹೋಗಿದೆ.

ಕಾರ್ಖಾನೆ ಎಂದದ್ದೇ ಮಾಮ್ ತಕ್ಕಡಿ ಬಿಟ್ಟರು.

"ಜರ್ಮನಿಯ ಹೆಸರು ನನ್ನ ಅಂಗಡಿಯಲ್ಲಿ ಎತ್ತಬೇಡಿ! ಊರಿನ ಬೀಜ ನಮ್ಮ ಕಾರ್ಖಾನೆಗಳಿಗೆ ಎಲ್ಲಿಗೆ ಸಾಕು? ಆಫ್ರಿಕದಿಂದ ಹಡಗಿನಲ್ಲಿ ಪಣಂಬೂರು ಬಂದರಿಗೆ ಬರಬೇಕು. ಈ ಜರ್ಮನ್ನರು 2009ರಲ್ಲಿ ಎಂತ ಮಾಡಿದ್ರು? ಬೆನಿನ್, ಘಾನಾ, ಬುರ್ಕಿನಾ ಫಾಸೊ, ಐವರಿ ಕೋಸ್ಟ್, ಮೊಜಾಂಬಿಕ್ ಐದೂ ಕಡೆ ಗೇರುಬೀಜದ ಯೋಜನೆ ಶುರು ಮಾಡಿದ್ರು. ಜರ್ಮನ್ ಸರಕಾರದ ದುಡ್ಡು, ಬಿಲ್ ಗೇಟ್ಸ್ ಪ್ರತಿಷ್ಠಾನದ ದುಡ್ಡು, ಮೇಲಿಂದ ದೊಡ್ಡ ದೊಡ್ಡ ಕಂಪನಿಗಳು. ಬೀಜವನ್ನು ಹಸಿಯಾಗಿ ಮಾರಬೇಡಿ, ಅಲ್ಲೇ ಒಡೆದು ತಿರುಳು ಮಾರಿ ಅಂತ ಅವರಿಗೆ ಪಾಠ. ಅವರು ಒಡೆದರೆ ನಾವು ಇಲ್ಲಿ ಎಂತ ಒಡೆಯುವುದು? ತೆಂಗಿನಕಾಯಿಯಾ?"

"ಮಾಮ್, ಮೊಜಾಂಬಿಕ್ ಒಂದು ಕಾಲಕ್ಕೆ ಗೇರುಬೀಜದಲ್ಲಿ ಲೋಕಕ್ಕೇ ಮೊದಲು" ಎಂದರು ಮಾಸ್ಟ್ರು ಮೆಲ್ಲಗೆ. "ತೊಂಬತ್ತರ ದಶಕದಲ್ಲಿ ವಿಶ್ವಬ್ಯಾಂಕ್ ಹಸಿಬೀಜದ ರಫ್ತು ಸುಂಕ ಇಳಿಸಿ ಅಂತ ಪಟ್ಟು ಹಿಡಿಯಿತು. ಇಳಿಸಿದರು. ಅಲ್ಲಿನ ಕಾರ್ಖಾನೆಗಳು ಬಾಗಿಲು ಹಾಕಿದವು, ಸಾವಿರಾರು ಜನರ ಕೆಲಸ ಹೋಯಿತು. ಬೀಜ ಎಲ್ಲಿಗೆ ಬಂತು?"

ಮಾಮ್ ಪ್ಲಾಸ್ಟಿಕ್ ತೊಟ್ಟೆ ಹುಡುಕಲಿಕ್ಕೆ ಮೇಜಿನ ಅಡಿಗೆ ಹೋದರು.

"ಇಂಡಿಯಾಕ್ಕೆ" ಎಂದ ರೋಶನ್. ಅವನಿಗೆ ಸುಮ್ಮನಿರಲಿಕ್ಕೆ ಬರುವುದಿಲ್ಲ.

"ಅಂದ್ರೆ ಒಂದು ಸಾರ್ವಜನಿಕ ದುಡ್ಡು ಮುಚ್ಚಿಸಿದ್ದನ್ನು ಇನ್ನೊಂದು ಸಾರ್ವಜನಿಕ ದುಡ್ಡು ತೆರೆಸ್ತಾ ಉಂಟು!" ಶೆಟ್ರಿಗೆ ಭಾರಿ ಖುಷಿ. "ಹಾಗಾದ್ರೆ ನನಗೂ ಸಿಕ್ಕಬೇಕು. ಮಾಸ್ಟ್ರೆ, ಅರ್ಜಿಯಲ್ಲಿ ಎಂತೆಲ್ಲ ಕೇಳ್ತಾರೆ ಹೇಳಿ."

ಮಾಸ್ಟ್ರು ಕನ್ನಡಕ ಏರಿಸಿ ಜರ್ಮನ್ ಅಧಿಕಾರಿ ಆದರು. ನಿವೃತ್ತಿಯ ನಂತರ ಅವರಿಗೆ ಸಿಕ್ಕಿದ ಮೊದಲ ಹುದ್ದೆ.

"ಮಿಸ್ಟರ್ ಶೆಟ್ಟಿ, ನಮ್ಮ ದುಡ್ಡು ಇಲ್ಲದಿದ್ದರೂ ನೀವು ಈ ಕಾರ್ಖಾನೆ ಕಟ್ಟುತ್ತೀರಾ?"

"ಕಟ್ಟದೆ ಎಂತ? ನಾನು ಬಂಟರ ಮಗ ಸ್ವಾಮಿ!"

"ಹಾಗಾದರೆ ನಮ್ಮ ದುಡ್ಡು ಯಾಕೆ? ಅರ್ಜಿ ವಜಾ."

"ತಡೀರಿ ತಡೀರಿ. ಇಲ್ಲ, ನೀವು ಕೊಡದಿದ್ದರೆ ಒಂದು ಇಟ್ಟಿಗೆಯೂ ಇಡುವುದಿಲ್ಲ."

"ಅಷ್ಟು ಬಡಕಲು ಯೋಜನೆಯಾ? ನಾವು ಬಿಟ್ಟುಹೋದ ಮೇಲೆ ನಡೆಯುವುದು ಹೇಗೆ? ವಜಾ."

ಶೆಟ್ರು ಬೆವರು ಒರೆಸಿಕೊಂಡರು. "ಕಾರ್ಖಾನೆ ನಾನೇ ಕಟ್ಟುತ್ತೇನೆ. ಹೆಂಗಸರ ಕೈಗೆ ಗ್ಲೌಸ್ ಕೊಡ್ಲಿಕ್ಕೆ ಮಾತ್ರ ನಿಮ್ಮ ದುಡ್ಡು."

"ಕೆಲಸಗಾರರ ರಕ್ಷಣೆ ಕಾನೂನಿನಲ್ಲೇ ಉಂಟು. ಹೇಗೂ ಮಾಡಲೇಬೇಕಾದ್ದಕ್ಕೆ ನಾವು ಕೊಡುವುದಿಲ್ಲ. ವಜಾ!"

ನನಗೆ ಈ ಮೊದಲನೇ ಪ್ರಶ್ನೆಯೇ ಇಡೀ ವ್ಯವಹಾರದ ಕೀಲಿ ಅಂತ ಕಾಣುತ್ತದೆ. ಕೇಳುವುದು ನ್ಯಾಯವೇ. ಆದರೆ ಉತ್ತರ ಗೊತ್ತಿರುವವ ಅರ್ಜಿ ಹಾಕಿದವನೊಬ್ಬನೇ, ಮತ್ತು ಅವನಿಗೆ ದುಡ್ಡು ಬೇಕು. ದುಡ್ಡು ಸಿಗದ ಶೆಟ್ರು ಎಂತ ಮಾಡುತ್ತಿದ್ದರು ಅಂತ ನೋಡಲಿಕ್ಕೆ ನಮಗೆ ಇನ್ನೊಬ್ಬ ಶೆಟ್ರು ಬೇಕು. ಒಬ್ಬರನ್ನೇ ಸಹಿಸುವುದು ಕಷ್ಟ.

ಗ್ಲೌಸ್ ಅಂದದ್ದು ಕೇಳಿ ಒಳಗೆ ಬೀಜ ಆರಿಸುತ್ತಿದ್ದ ಗಿರಿಜಕ್ಕ ನಕ್ಕರು. ಕಾರ್ಖಾನೆಯಲ್ಲಿ ವರ್ಷಾನುಗಟ್ಟಲೆ ಬೀಜ ಒಡೆದು, ಈಗ ಮಾಮ್ ಅಂಗಡಿಯಲ್ಲಿ ಗಾತ್ರ ನೋಡಿ ಬೇರೆ ಮಾಡುವವರು. ಒಂದು ಪೌಂಡ್ ತೂಕಕ್ಕೆ 320 ಬರುವ ಬೀಜ ಯಾವುದು, 240 ಬರುವುದು ಯಾವುದು ಅಂತ ಅವರ ಬೆರಳಿಗೇ ಗೊತ್ತು. ಆ ಬೆರಳುಗಳ ತುದಿಯಲ್ಲಿ ಬೀಜದ ಸಿಪ್ಪೆಯ ಸೊನೆ ತಿಂದ ಕಪ್ಪು ಇನ್ನೂ ಪೂರ್ತಿ ಹೋಗಿಲ್ಲ; ಹೆಬ್ಬೆರಳಿನ ಉಗುರಿನ ಸಂದಿಯಲ್ಲಿ ಶಾಯಿ ಗೆರೆ ಎಳೆದ ಹಾಗೆ ಉಂಟು.

"ನಮಗೂ ಕೊಟ್ಟಿದ್ರು ಗ್ಲೌಸ್. ಫೋಟೋ ತೆಗೆದ್ರು. ಅವರು ಹೋದ ಕೂಡಲೇ ತೆಗೆದಿಟ್ಟು ಎಣ್ಣೆ, ಬೂದಿ ಹಚ್ಚಿಕೊಂಡೆವು" ಎಂದರು.

"ಛೆ, ಯಾಕೆ ಗಿರಿಜಕ್ಕ?"

"ಗ್ಲೌಸ್ ಹಾಕಿದ್ರೆ ಬೀಜ ಕೈಗೆ ಸರಿ ಸಿಕ್ಕುವುದಿಲ್ಲ ಭಟ್ರೆ. ಸಂಬಳ ಕಿಲೋ ಲೆಕ್ಕ ಅಲ್ವಾ? ಸಂಜೆಗೆ ಎರಡು ಕಿಲೋ ಕಮ್ಮಿ ಆದ್ರೆ ಆ ಜರ್ಮನಿಯವ ತುಂಬಿಸಿ ಕೊಡ್ತಾನಾ? ಕಿಲೋದ ರೇಟು ಜಾಸ್ತಿ ಮಾಡಿದ್ರೆ ಗ್ಲೌಸ್ ನಾವೇ ತೆಕ್ಕೊಳ್ತಿದ್ದೆವು."

ಮಾಸ್ಟ್ರು ಜರ್ಮನ್ ಹುದ್ದೆಗೆ ಅಲ್ಲೇ ರಾಜೀನಾಮೆ ಕೊಟ್ಟರು. ಶೆಟ್ರು ಮಾತ್ರ ಜೇಬಿನಿಂದ ಪೆನ್ನು ತೆಗೆದು, ಬೀಜದ ಪೊಟ್ಟಣದ ಕಾಗದದ ಹಿಂದೆ "ಕಿಲೋದ ರೇಟು ಜಾಸ್ತಿ" ಅಂತ ಬರೆದುಕೊಂಡರು. "ಇದು ಕಾನೂನಿಗಿಂತ ಮೇಲಿನದ್ದು ಆಯ್ತಲ್ಲ ಮಾಸ್ಟ್ರೆ? ಇದಕ್ಕೆ ಕೊಡ್ತಾರಲ್ಲ?"

"ಕೇಳಬಹುದು. ಆದರೆ ನಿಮ್ಮ ಅರ್ಧ ಮೊದಲು ತೋರಿಸಬೇಕು."

ಶೆಟ್ರು ಸ್ಟೂಲನ್ನು ಗಲ್ಲಾಪೆಟ್ಟಿಗೆಯ ಹತ್ತಿರಕ್ಕೆ ಎಳೆದುಕೊಂಡರು. ಸ್ವರ ಬೆಣ್ಣೆಯಾಯಿತು. "ಮಾಮ್, ನಿಮಗೂ ಪಾಲುದಾರಿಕೆ ಅಂದ್ರೆ ಇಷ್ಟ. ನನ್ನ ಆ ಅರ್ಧ ನೀವು ಹಾಕಿದ್ರೆ..."

"ನಾನು ಹಾಕದಿದ್ದರೂ ಕಾರ್ಖಾನೆ ಕಟ್ಟುತ್ತೀರಾ ಶೆಟ್ರೆ?" ಎಂದು ಕೇಳಿದ ಮಾಮ್, ಉತ್ತರಕ್ಕೆ ಕಾಯದೆ ಗಲ್ಲಾಪೆಟ್ಟಿಗೆಗೆ ಬೀಗ ಹಾಕಿದರು.