ಬೇಸಿಗೆ ಶಾಲೆಗೆ ಏಳು ಲಕ್ಷ: ಕೊಡುವುದು ಪಾಠಕ್ಕೋ, ಹೆಸರಿಗೋ?

ತುಂಗಾತೀರ ಕೇಳಿದ್ದು:

ಮಗಳು ಈಗ 10ನೇ ತರಗತಿ, ಸಿಬಿಎಸ್‌ಇ, ಬೆಂಗಳೂರು. ಮುಂದಿನ ಜುಲೈಗೆಂದು ಎರಡು ಆಯ್ಕೆ ಮುಂದಿವೆ. ಒಂದು, ಆಕ್ಸ್‌ಫರ್ಡ್‌ನ ಕಾಲೇಜೊಂದರಲ್ಲಿ ಎರಡು ವಾರ. 'ನಿಮ್ಮ ಮಗಳು ನಾಮನಿರ್ದೇಶನಗೊಂಡಿದ್ದಾಳೆ' ಎಂಬ ಇಮೇಲ್ ಬಂದಿದೆ, ಹತ್ತು ದಿನದೊಳಗೆ ಮುಂಗಡ ಕಟ್ಟಬೇಕಂತೆ. ಇನ್ನೊಂದು, ಅಮೆರಿಕದ ದೊಡ್ಡ ವಿಶ್ವವಿದ್ಯಾಲಯವೊಂದರ ಎರಡು ವಾರದ ಪ್ರೀ-ಕಾಲೇಜ್ ಕೋರ್ಸ್ (ಹೈಸ್ಕೂಲ್ ಮಕ್ಕಳಿಗೆ ಕಾಲೇಜು ಮಟ್ಟದ ಪಾಠ), ಶುಲ್ಕ 6,500 ಡಾಲರ್. ಮುಂದೆ ಅಮೆರಿಕದಲ್ಲಿ ಪದವಿಗೆ ಅರ್ಜಿ ಹಾಕಬಹುದು, ಇಲ್ಲವೇ ಸಿಇಟಿ ಬರೆದು ಇಲ್ಲೇ ಎಂಜಿನಿಯರಿಂಗ್ ಸೇರಬಹುದು, ಇನ್ನೂ ತೀರ್ಮಾನವಾಗಿಲ್ಲ. ಇದರಿಂದ ಅಡ್ಮಿಷನ್‌ಗೆ ಸಹಾಯ ಆಗುತ್ತಾ? ಒಟ್ಟು ಖರ್ಚು ನಿಜವಾಗಿ ಎಷ್ಟಾಗುತ್ತೆ? ಇದೇ ಹಣಕ್ಕೆ, ಅಥವಾ ಹಣವಿಲ್ಲದೆ, ಇದಕ್ಕಿಂತ ಒಳ್ಳೆಯದು ಏನಿದೆ?

ಅರ್ಜಿಮನೆ ಉತ್ತರ:

ಮೊದಲು ಆ ಇಮೇಲ್ ವಿಷಯ. 'ನಾಮನಿರ್ದೇಶನ' ಅಂದರೆ ಬಹುತೇಕ ಸಲ ಶಾಲೆಯ ಪಟ್ಟಿಯಿಂದಲೋ ಯಾವುದೋ ಆನ್‌ಲೈನ್ ಪರೀಕ್ಷೆಯ ನೋಂದಣಿಯಿಂದಲೋ ಹೆಸರು ಸಿಕ್ಕಿದೆ ಎಂದಷ್ಟೇ. ಅವಳನ್ನು ಯಾರು ಸೂಚಿಸಿದರು, ಯಾವ ಆಧಾರದ ಮೇಲೆ ಎಂದು ತಿರುಗಿ ಬರೆದು ಕೇಳಿ. ಒಬ್ಬ ಶಿಕ್ಷಕರ ಹೆಸರೂ ಬರದಿದ್ದರೆ ಅದು ಜಾಹೀರಾತು. ಹತ್ತು ದಿನದ ಗಡುವೂ ಅದೇ ವ್ಯಾಪಾರದ ಭಾಗ.

ಎರಡನೆಯದು, ಆಕ್ಸ್‌ಫರ್ಡ್ 'ನಲ್ಲಿ' ನಡೆಯುವುದು ಬೇರೆ, ಆಕ್ಸ್‌ಫರ್ಡ್ 'ನಡೆಸುವುದು' ಬೇರೆ. ಅಲ್ಲಿನ ಟರ್ಮ್ ಎಂಟೇ ವಾರದ್ದು. ರಜೆಯಲ್ಲಿ ಕಾಲೇಜುಗಳು ತಮ್ಮ ಕೋಣೆ, ಊಟದ ಸಭಾಂಗಣಗಳನ್ನು ಹೊರಗಿನವರಿಗೆ ಬಾಡಿಗೆಗೆ ಕೊಡುತ್ತವೆ. ಖಾಸಗಿ ಕಂಪನಿಗಳು ಅವನ್ನು ಹಿಡಿದು ಬೇಸಿಗೆ ಶಾಲೆ ನಡೆಸುತ್ತವೆ. ಕೇಂಬ್ರಿಜ್‌ನಲ್ಲೂ ಹೀಗೆಯೇ. ಇದು ಮೋಸವಲ್ಲ, ಕೆಲವು ಕಂಪನಿಗಳು ಚೆನ್ನಾಗಿಯೇ ಪಾಠ ಮಾಡಿಸುತ್ತವೆ. ಆದರೆ ಪ್ರಮಾಣಪತ್ರ ಕೊಡುವುದು ಕಂಪನಿ, ವಿಶ್ವವಿದ್ಯಾಲಯ ಅಲ್ಲ. ಗುರುತಿಸಲು ಮೂರು ಕಡೆ ನೋಡಿ: ಜಾಲತಾಣದ ವಿಳಾಸ 'ಡಾಟ್ ಎಸಿ ಡಾಟ್ ಯುಕೆ' ಎಂದು ಮುಗಿಯುತ್ತದೆಯೇ (ಅಮೆರಿಕವಾದರೆ 'ಡಾಟ್ ಇಡಿಯು'), ಹಣ ಸೇರುವ ಬ್ಯಾಂಕ್ ಖಾತೆ ಯಾರ ಹೆಸರಿನಲ್ಲಿದೆ, ನಿಯಮಗಳ ಪುಟದ ಕೊನೆಯಲ್ಲಿ ಒಪ್ಪಂದದ ಪಕ್ಷ ಯಾರು. ಮೂರನೆಯದನ್ನು ಯಾರೂ ಓದುವುದಿಲ್ಲ, ನಿಜ ಇರುವುದು ಅಲ್ಲೇ.

ಇನ್ನು ಅಡ್ಮಿಷನ್. ಸಿಇಟಿ, ಜೆಇಇಗೆ ಇದರಿಂದ ಸೊನ್ನೆ ಉಪಯೋಗ. ಅಮೆರಿಕದಲ್ಲಿ, ವಿಶ್ವವಿದ್ಯಾಲಯವೇ ನಡೆಸುವ ಪ್ರೀ-ಕಾಲೇಜ್ ಕೋರ್ಸ್‌ಗಳನ್ನೂ ಸಾಮಾನ್ಯವಾಗಿ ಅಡ್ಮಿಷನ್ ಕಚೇರಿಯಲ್ಲ, ಬೇರೆಯೇ ವಿಭಾಗ ನಡೆಸುತ್ತದೆ. ಅಲ್ಲಿ ಕೂತಿದ್ದಕ್ಕೆ ಅದೇ ವಿಶ್ವವಿದ್ಯಾಲಯದಲ್ಲಿ ಸೀಟು ಹತ್ತಿರವಾಗುವುದಿಲ್ಲ. ಅಮೆರಿಕದ ಹಲವು ಕಾಲೇಜುಗಳಿಗೆ ಒಟ್ಟಿಗೆ ಹಾಕುವ ಕಾಮನ್ ಆ್ಯಪ್ ಅರ್ಜಿಯಲ್ಲಿ ಚಟುವಟಿಕೆಗಳಿಗೆ ಹತ್ತು ಜಾಗ ಇವೆ, ಪ್ರತಿಯೊಂದರ ವಿವರಣೆಗೆ 150 ಅಕ್ಷರ. 'ಎರಡು ವಾರ ಇಂಥ ಕಡೆ ಅರ್ಥಶಾಸ್ತ್ರ ಕಲಿತೆ' ಎಂದು ಬರೆದರೆ, ಓದುವವರಿಗೆ ಕಾಣುವುದು ಮನೆಯವರಿಗೆ ಶುಲ್ಕ ಕಟ್ಟುವ ಶಕ್ತಿ ಇತ್ತು ಎಂಬುದು. ಅಲ್ಲಿ ಶುರುವಾದ ಕೆಲಸವನ್ನು ಊರಿಗೆ ಬಂದು ವರ್ಷವಿಡೀ ಮುಂದುವರಿಸಿದ್ದರೆ ಆ ಸಾಲಿಗೆ ತೂಕ ಬರುತ್ತದೆ.

ಜಮಾಖರ್ಚು ಉತ್ತರ:

ಅಮೆರಿಕದ ಕೋರ್ಸಿನ ಲೆಕ್ಕ ಹಾಕೋಣ. ಡಾಲರ್‌ಗೆ 88 ರೂಪಾಯಿ ಎಂದಿಟ್ಟುಕೊಂಡರೆ 6,500 ಡಾಲರ್ ಅಂದರೆ 5.72 ಲಕ್ಷ. ಜೂನ್-ಜುಲೈ ವಿಮಾನದ ದುಬಾರಿ ಕಾಲ, ಬೆಂಗಳೂರಿನಿಂದ ಹೋಗಿಬರಲು 1.2ರಿಂದ 1.5 ಲಕ್ಷ ಎತ್ತಿಡಿ. ವೀಸಾ ಶುಲ್ಕ 185 ಡಾಲರ್. ಎಫ್-1 (ವಿದ್ಯಾರ್ಥಿ ವೀಸಾ) ಬೇಕಾದರೆ ಮೇಲೆ ಸೆವಿಸ್ (ವಿದೇಶಿ ವಿದ್ಯಾರ್ಥಿಗಳ ಸರ್ಕಾರಿ ನೋಂದಣಿ) ಶುಲ್ಕ 350 ಡಾಲರ್, ಎರಡೂ ಸೇರಿ 47 ಸಾವಿರ. ಆರೋಗ್ಯ ವಿಮೆ, ಅವರು ಕೇಳುವ ಲಸಿಕೆಗಳು, ಕೈಖರ್ಚು ಸೇರಿಸಿದರೆ ಒಟ್ಟು ಏಳೂವರೆ ಲಕ್ಷದ ಆಸುಪಾಸು. ಕರಪತ್ರದಲ್ಲಿರುವ ಅಂಕಿಗಿಂತ ಮೂರನೇ ಒಂದು ಭಾಗ ಹೆಚ್ಚು ಎಂಬುದನ್ನು ಸುಮಾರು ನಿಯಮವಾಗಿ ಇಟ್ಟುಕೊಳ್ಳಬಹುದು.

ವೀಸಾ ಯಾವುದು ಎಂಬಲ್ಲಿ ಎಡವುವವರು ಬಹಳ. ಕ್ರೆಡಿಟ್ (ಪದವಿಯ ಲೆಕ್ಕಕ್ಕೆ ಬರುವ ಅಂಕ) ಕೊಡುವ ಕೋರ್ಸ್ ಆಗಿದ್ದರೆ, ಅಥವಾ ವಾರಕ್ಕೆ 18 ಗಂಟೆ ಹಾಗೂ ಅದಕ್ಕೂ ಹೆಚ್ಚು ತರಗತಿ ಇದ್ದರೆ, ಪ್ರವಾಸಿ ವೀಸಾ ಸಾಲದು, ಎಫ್-1 ಬೇಕು. ಅದಕ್ಕೆ ವಿಶ್ವವಿದ್ಯಾಲಯ ಐ-20 ಎಂಬ ಪ್ರವೇಶದ ದಾಖಲೆ ಕಳಿಸಬೇಕು, ಆಮೇಲೆ ಸೆವಿಸ್ ಕಟ್ಟಿ ಸಂದರ್ಶನದ ದಿನ ಹಿಡಿಯಬೇಕು. ಮಾರ್ಚ್‌ನಲ್ಲಿ ಸೀಟು ಸಿಕ್ಕಿ, ಏಪ್ರಿಲ್‌ನಲ್ಲಿ ಐ-20 ಬಂದು, ಜೂನ್‌ವರೆಗೆ ಸಂದರ್ಶನದ ದಿನವೇ ಸಿಗದೆ ಹೋಗುವುದುಂಟು. ಆದ್ದರಿಂದ ಕೇಳಬೇಕಾದ ಮೊದಲ ಪ್ರಶ್ನೆ: ವೀಸಾ ಸಿಗದಿದ್ದರೆ ಶುಲ್ಕ ವಾಪಸ್ ಬರುತ್ತದೆಯೇ, ಯಾವ ದಿನಾಂಕದೊಳಗೆ ತಿಳಿಸಬೇಕು? 'ಠೇವಣಿ ಬಿಟ್ಟು ಉಳಿದದ್ದು' ಎಂದರೆ ಠೇವಣಿ ಎಷ್ಟು? ಬಾಯಿಮಾತು ಬೇಡ, ಇಮೇಲ್‌ನಲ್ಲಿ ತರಿಸಿಕೊಳ್ಳಿ.

ಹಣ ಕಳಿಸುವ ದಾರಿಯೂ ಮುಖ್ಯ. ಉದಾರೀಕೃತ ರವಾನೆ ಯೋಜನೆಯಡಿ (ವಿದೇಶಕ್ಕೆ ಹಣ ಕಳಿಸುವ ಆರ್‌ಬಿಐ ವ್ಯವಸ್ಥೆ, ಎಲ್‌ಆರ್‌ಎಸ್) ನೇರವಾಗಿ ವಿಶ್ವವಿದ್ಯಾಲಯದ ಖಾತೆಗೆ, ಶಿಕ್ಷಣದ ಉದ್ದೇಶ ಸಂಕೇತ ಎಸ್0305 ನಮೂದಿಸಿ ಕಳಿಸಿದರೆ, 2025ರ ಏಪ್ರಿಲ್ 1ರಿಂದ ವರ್ಷಕ್ಕೆ 10 ಲಕ್ಷದವರೆಗೆ ಟಿಸಿಎಸ್ (ಹಣ ಕಳಿಸುವಾಗಲೇ ಹಿಡಿಯುವ ತೆರಿಗೆ) ಇಲ್ಲ. ಅದೇ ಇಲ್ಲಿನ ಏಜೆನ್ಸಿ ವಿಮಾನ, ವಸತಿ, ಶುಲ್ಕ ಎಲ್ಲ ಸೇರಿಸಿ ಒಂದೇ ಬಿಲ್ ಮಾಡಿದರೆ ಅದು ವಿದೇಶ ಪ್ರವಾಸ ಪ್ಯಾಕೇಜ್ ಆಗಿಬಿಡಬಹುದು. ಅದಕ್ಕೆ ಮೊದಲ ರೂಪಾಯಿಯಿಂದಲೇ ಟಿಸಿಎಸ್. ದರ ಬಜೆಟ್‌ನಿಂದ ಬಜೆಟ್‌ಗೆ ಬದಲಾಗುತ್ತದೆ, ಕಟ್ಟುವ ವಾರ ಬ್ಯಾಂಕಿನಲ್ಲಿ ಕೇಳಿ. ಟಿಸಿಎಸ್ ಕಳೆದುಹೋಗುವ ಹಣವಲ್ಲ, ರಿಟರ್ನ್ಸ್‌ನಲ್ಲಿ ಹೊಂದಿಸಿಕೊಳ್ಳಬಹುದು. ಆ ಸರಳತೆಗಾಗಿಯೇ ಮಗಳ ಬದಲು ನಿಮ್ಮ ಪ್ಯಾನ್‌ನಲ್ಲಿ ಕಳಿಸಿ. ಕ್ರೆಡಿಟ್ ಕಾರ್ಡ್ ಬಳಸಿದರೆ ವಿದೇಶಿ ವಹಿವಾಟಿನ ಮೇಲೆ ಸಾಮಾನ್ಯವಾಗಿ 3.5% ಮತ್ತು ಅದರ ಮೇಲೆ ಜಿಎಸ್‌ಟಿ ಬೀಳುತ್ತದೆ. 5.72 ಲಕ್ಷಕ್ಕೆ 20 ಸಾವಿರಕ್ಕೂ ಹೆಚ್ಚು, ಸುಮ್ಮನೆ ಹೋಗುವ ದುಡ್ಡು.

ಪಿಯುಮೇಷ್ಟ್ರು ಉತ್ತರ:

ಯಾರೂ ಹೇಳದ ಒಂದು ಮಾತು. ನಮ್ಮ ಬೇಸಿಗೆ ಏಪ್ರಿಲ್-ಮೇ, ಅವರ ಬೇಸಿಗೆ ಜೂನ್ ಕೊನೆಯಿಂದ ಆಗಸ್ಟ್. ಮುಂದಿನ ಜುಲೈಗೆ ಮಗಳು 11ನೇ ತರಗತಿಯಲ್ಲೋ ಮೊದಲ ಪಿಯುನಲ್ಲೋ ಇರುತ್ತಾಳೆ. ಆಗ ಭೌತಶಾಸ್ತ್ರದಲ್ಲಿ ವೆಕ್ಟರ್, ಚಲನೆ ನಡೆಯುತ್ತಿರುತ್ತದೆ, ಅಂದರೆ ಮುಂದಿನ ಎರಡು ವರ್ಷದ ಅಡಿಪಾಯ. ಎರಡು ವಾರದ ಕೋರ್ಸ್ ಅಂದರೆ ಪ್ರಯಾಣ, ನಿದ್ದೆಯ ಹೊತ್ತು ಸರಿಹೋಗುವುದು ಎಲ್ಲ ಸೇರಿ ಮೂರು ವಾರದ ಪಾಠ ತಪ್ಪುತ್ತದೆ. ಪಿಯುಗೂ ಸಿಬಿಎಸ್‌ಇಗೂ 75% ಹಾಜರಾತಿ ಬೇಕು. ಮೂರು ವಾರಕ್ಕೆ ಅದು ಮುರಿಯುವುದಿಲ್ಲ, ಆದರೆ ಆಮೇಲೆ ಜ್ವರ ಬಂದರೆ ಅಥವಾ ಮನೆಯಲ್ಲಿ ಮದುವೆ ಬಂದರೆ ಕಷ್ಟ. ಪ್ರಾಂಶುಪಾಲರಿಂದ ಮೊದಲೇ ಬರಹದಲ್ಲಿ ಅನುಮತಿ ಪಡೆಯಿರಿ. ಜೂನ್ ಮಧ್ಯದಿಂದ ರಜೆ ಕೊಡುವ ಐಬಿ, ಕೇಂಬ್ರಿಜ್ ಪಠ್ಯಕ್ರಮದ ಶಾಲೆಯವರಿಗೆ ಈ ತೊಂದರೆ ಇಲ್ಲ. ಈ ಕೋರ್ಸ್‌ಗಳ ವೇಳಾಪಟ್ಟಿ ಹೊಂದುವುದೇ ಅಂಥವರಿಗೆ.

ಶೇಷಪ್ರಮೇಯ ಉತ್ತರ:

ಹಣ ಕಟ್ಟದೆ ಅಥವಾ ಕಡಿಮೆ ಕಟ್ಟಿ ಹೋಗುವ ದಾರಿಗಳ ಬಗ್ಗೆ. ಇಲ್ಲೊಂದು ಒರಟು ಸೂತ್ರ ಇದೆ: ಅರ್ಜಿ ಎಷ್ಟು ಕಷ್ಟವೋ ಕಾರ್ಯಕ್ರಮಕ್ಕೆ ಅಷ್ಟು ಬೆಲೆ. ಹೆಸರು, ಅಂಕಪಟ್ಟಿ, ಕಾರ್ಡ್ ಸಂಖ್ಯೆ ಕೇಳಿ ಮುಗಿಸಿದರೆ ಆಯ್ಕೆಯೇ ಇಲ್ಲ ಎಂದರ್ಥ.

ಬಾಸ್ಟನ್ ವಿಶ್ವವಿದ್ಯಾಲಯದಲ್ಲಿ 1989ರಿಂದ ನಡೆಯುತ್ತಿರುವ ಗಣಿತ ಶಿಬಿರ ಪ್ರೊಮಿಸ್ ನೋಡಿ. ಆರು ವಾರ, ಸಂಖ್ಯಾಸಿದ್ಧಾಂತ. ಅರ್ಜಿಯ ತಿರುಳೇ ಒಂದು ಲೆಕ್ಕಗಳ ಹಾಳೆ, ವಾರಗಟ್ಟಲೆ ಕೂತು ಗಣಿತದ ಸಾಧನೆಗಳನ್ನು (ಪ್ರೂಫ್) ಬರೆಯಬೇಕು. ಉತ್ತರ ಪೂರ್ತಿ ಬರದಿದ್ದರೂ ಸಣ್ಣ ಉದಾಹರಣೆಗಳಿಂದ ಹೇಗೆ ಊಹೆಗೆ ಬಂದಿರಿ ಎಂದು ತೋರಿಸಿದರೆ ಅದಕ್ಕೂ ಬೆಲೆ ಇದೆ. ನಮ್ಮ ಮಕ್ಕಳು ಸೋಲುವುದು ಇಲ್ಲೇ. ಸೂತ್ರ ಹಾಕಿ ಉತ್ತರ ಬರೆದು ನಿಲ್ಲಿಸುತ್ತಾರೆ, ಕಾರಣ ಬರೆಯುವುದಿಲ್ಲ. ಇದರದೇ ಭಾರತದ ಆವೃತ್ತಿ ಬೆಂಗಳೂರಿನ ಐಐಎಸ್‌ಸಿ ಆವರಣದಲ್ಲೇ ನಡೆದಿದೆ, ಈ ವರ್ಷದ ಪ್ರಕಟಣೆಯನ್ನು ಅವರ ತಾಣದಲ್ಲಿ ನೋಡಿ. ಹೋಗದಿದ್ದರೂ ಹಳೆಯ ಲೆಕ್ಕಗಳ ಹಾಳೆ ಬಿಡಿಸಿದರೆ ಗಣಿತ ಅವಳಿಗೆ ಒಗ್ಗುತ್ತದೆಯೇ ಎಂಬುದು ಪುಕ್ಕಟೆಯಾಗಿ ತಿಳಿಯುತ್ತದೆ.

ಎಂಐಟಿಯಲ್ಲಿ ನಡೆಯುವ ಆರ್‌ಎಸ್‌ಐ ಎಂಬ ಬೇಸಿಗೆ ಸಂಶೋಧನಾ ಕಾರ್ಯಕ್ರಮಕ್ಕೆ ಬೋಧನಾ ಶುಲ್ಕ, ವಸತಿ, ಊಟ ಎಲ್ಲ ಉಚಿತ, ಪ್ರವೇಶ ಬಹಳ ಕಠಿಣ. ಅಮೆರಿಕದ ಟೆಲ್ಯುರೈಡ್ ಸಂಸ್ಥೆಯ ಬೇಸಿಗೆ ಸೆಮಿನಾರ್ ಕೂಡ ಉಚಿತ, ಹೊರದೇಶದವರಿಗೂ ತೆರೆದಿದೆ, ಓದು-ಬರಹದ ಮಕ್ಕಳಿಗೆ ಅದಕ್ಕಿಂತ ಒಳ್ಳೆಯದು ಕಡಿಮೆ. ಯೇಲ್‌ನ ಯಂಗ್ ಗ್ಲೋಬಲ್ ಸ್ಕಾಲರ್ಸ್ ಶುಲ್ಕದ ಕೋರ್ಸೇ, ಆದರೆ ಕುಟುಂಬದ ಆದಾಯ ನೋಡಿ ಹೊರದೇಶದವರಿಗೂ ರಿಯಾಯಿತಿ ಕೊಡುತ್ತದೆ. ರಿಯಾಯಿತಿ ಅರ್ಜಿಯನ್ನು ಪ್ರವೇಶ ಅರ್ಜಿಯ ಜೊತೆಗೇ ಹಾಕಬೇಕು, ಸೀಟು ಸಿಕ್ಕ ಮೇಲೆ ಕೇಳುತ್ತೇನೆ ಎಂದರೆ ನಡೆಯುವುದಿಲ್ಲ.

ಇಲ್ಲೇ ಇರುವುದನ್ನೂ ಮರೆಯಬೇಡಿ. ಗಣಿತ ಒಲಿಂಪಿಯಾಡ್‌ನ ಮೊದಲ ಹಂತ ಐಒಕ್ಯುಎಂ ಸೆಪ್ಟೆಂಬರ್ ಆಸುಪಾಸಿನಲ್ಲಿ: ಮೂರು ಗಂಟೆ, 30 ಪ್ರಶ್ನೆ, 100 ಅಂಕ. ಅಲ್ಲಿಂದ ಪ್ರಾದೇಶಿಕ ಹಂತದ ಆರ್‌ಎಂಒ, ರಾಷ್ಟ್ರೀಯ ಹಂತದ ಐಎನ್‌ಎಂಒ, ಕೊನೆಗೆ ತರಬೇತಿ ಶಿಬಿರ. ಆ ಶಿಬಿರ ಬೇಸಿಗೆ ರಜೆಯಲ್ಲೇ ಬರುತ್ತದೆ, ಮೇಷ್ಟ್ರು ಹೇಳಿದ ಹಾಜರಾತಿಯ ತಲೆನೋವಿಲ್ಲ. ಇಸ್ರೋದ ಬಾಲವಿಜ್ಞಾನಿ ಶಿಬಿರ ಯುವಿಕಾ 2019ರಿಂದ ಇದೆ, ಎರಡು ವಾರ, ಪ್ರಯಾಣ-ಊಟ-ವಸತಿ ಇಸ್ರೋದ್ದೇ. ಆದರೆ ಅದು 9ನೇ ತರಗತಿಯವರಿಗೆ ಮಾತ್ರ, ನಿಮ್ಮ ಮಗಳಿಗೆ ದಾಟಿಹೋಯಿತು. ತಂಗಿ-ತಮ್ಮ ಇದ್ದರೆ ನೆನಪಿಡಿ. ಪಂಚಾಯತಿ ವ್ಯಾಪ್ತಿಯ ಶಾಲೆಯವರಿಗೆ ಆಯ್ಕೆಯಲ್ಲಿ ಹೆಚ್ಚುವರಿ ಅಂಕವೂ ಇದೆ.

ತುಂಗಾತೀರ:

ತುಂಬ ಉಪಯೋಗವಾಯಿತು. ಆಕ್ಸ್‌ಫರ್ಡ್‌ನ ಇಮೇಲ್‌ಗೆ ತಿರುಗಿ ಬರೆದೆ, 'ನಮ್ಮ ಶೈಕ್ಷಣಿಕ ಪಾಲುದಾರರು' ಎಂದಷ್ಟೇ ಉತ್ತರ ಬಂತು. ಅದನ್ನು ಕೈಬಿಟ್ಟೆವು. ಅಮೆರಿಕದ್ದು ವಿಶ್ವವಿದ್ಯಾಲಯವೇ ನಡೆಸುವುದು. ಹಾಗಾದರೆ ಶುಲ್ಕದ ಕೋರ್ಸ್ ಯಾರಿಗೂ ಬೇಡವೇ?

ಸೆಮಿನಾರ್‌ಕೋಣೆ ಉತ್ತರ:

ಮೇಲಿನವರು ಸ್ವಲ್ಪ ಕಟುವಾದರು ಅನಿಸಿತು. ಅಡ್ಮಿಷನ್ ಲೆಕ್ಕ ಬಿಟ್ಟು ನೋಡಿದರೆ ಕೆಲವರಿಗೆ ಇದು ಒಳ್ಳೆಯ ಖರ್ಚೇ. ಭಾಷಾವಿಜ್ಞಾನ, ಪುರಾತತ್ವ, ತತ್ವಶಾಸ್ತ್ರ ಇವನ್ನು ನಮ್ಮಲ್ಲಿ ಹದಿನಾರರ ವಯಸ್ಸಿನಲ್ಲಿ ಮುಟ್ಟುವ ಅವಕಾಶವೇ ಇಲ್ಲ. ಹನ್ನೆರಡು ಜನ ಮೇಜಿನ ಸುತ್ತ ಕೂತು ಒಂದು ಲೇಖನವನ್ನು ಎರಡು ಗಂಟೆ ಬಿಡಿಸುವುದು, ಮರುದಿನ ಎರಡು ಪುಟ ಬರೆದು ತಿದ್ದಿಸಿಕೊಳ್ಳುವುದು ಯೂಟ್ಯೂಬ್‌ನಲ್ಲಿ ಸಿಗುವುದಿಲ್ಲ. ಪ್ರೋಗ್ರಾಮಿಂಗ್, ಉದ್ಯಮಶೀಲತೆ, 'ನಾಯಕತ್ವ' ಇವಕ್ಕೆ ಮಾತ್ರ ಆರು ಲಕ್ಷ ಕೊಡಬೇಡಿ. ಹಾರ್ವರ್ಡ್‌ನ ಪ್ರೋಗ್ರಾಮಿಂಗ್ ಕೋರ್ಸ್ ಸಿಎಸ್50 ಮನೆಯಲ್ಲೇ ಕೂತು ಉಚಿತವಾಗಿ ಮಾಡಬಹುದು, ಪ್ರಮಾಣಪತ್ರವನ್ನೂ ಸಿಎಸ್50 ತಂಡ ಉಚಿತವಾಗಿಯೇ ಕೊಡುತ್ತದೆ. 'ನಾಯಕತ್ವ' ಎಂದು ಹೆಸರಿದ್ದರೆ ವೇಳಾಪಟ್ಟಿ ತರಿಸಿ ನೋಡಿ, ಅರ್ಧ ದಿನ ಊರು ಸುತ್ತುವುದೇ ಇರುತ್ತದೆ.

ಹಣ ಕಟ್ಟುವ ಮುಂಚೆ ಇಷ್ಟು ಬರೆದು ಕೇಳಿ. ದಿನಕ್ಕೆ ಶಿಕ್ಷಕರೊಂದಿಗೆ ಎಷ್ಟು ಗಂಟೆ? ನಾಲ್ಕಕ್ಕಿಂತ ಕಡಿಮೆ ಇದ್ದರೆ ಅದು ಪ್ರವಾಸ. ಪಾಠ ಮಾಡುವವರು ಯಾರು? ಕರಪತ್ರದಲ್ಲಿ ಪ್ರಾಧ್ಯಾಪಕರ ಚಿತ್ರ, ತರಗತಿಯಲ್ಲಿ ಸಂಶೋಧನಾ ವಿದ್ಯಾರ್ಥಿ ಎಂಬುದು ಸಾಮಾನ್ಯ. ಸಂಶೋಧನಾ ವಿದ್ಯಾರ್ಥಿ ಪಾಠ ಮಾಡುವುದು ಕೆಟ್ಟದ್ದೇನಲ್ಲ, ಎಷ್ಟೋ ಸಲ ಇನ್ನೂ ಚೆನ್ನಾಗಿರುತ್ತದೆ, ಆದರೆ ಹೇಳಿ ಮಾಡಬೇಕು. ತರಗತಿಯಲ್ಲಿ ಎಷ್ಟು ಜನ? ಕೊನೆಯಲ್ಲಿ ಬರಹದಲ್ಲಿ ಮೌಲ್ಯಮಾಪನ ಕೊಡುತ್ತಾರೋ, ಬರೀ ಹಾಜರಾತಿ ಪತ್ರವೋ? ಮೌಲ್ಯಮಾಪನ ಕೊಡುವುದಾದರೆ ಕಳೆದ ವರ್ಷದ ಮಾದರಿಯೊಂದನ್ನು ಹೆಸರು ಅಳಿಸಿ ಕಳಿಸಲು ಹೇಳಿ.

ಕ್ರೆಡಿಟ್ ಕೋರ್ಸ್‌ಗಳಿಗೆ ಒಂದು ಎಚ್ಚರಿಕೆ. ಹಾರ್ವರ್ಡ್‌ನ ಸೆಕೆಂಡರಿ ಸ್ಕೂಲ್ ಪ್ರೋಗ್ರಾಂ ಥರದ್ದು ಏಳು ವಾರದವರೆಗೂ ಇರುತ್ತದೆ. ಅಲ್ಲಿ ಕಾಲೇಜು ವಿದ್ಯಾರ್ಥಿಗಳ ಜೊತೆ ನಿಜವಾದ ಗ್ರೇಡ್ ಸಿಗುತ್ತದೆ. ಅದು ವಿಶ್ವವಿದ್ಯಾಲಯದ ದಾಖಲೆಯಲ್ಲಿ ಶಾಶ್ವತ. ಮುಂದೆ ಅಮೆರಿಕಕ್ಕೆ ಅರ್ಜಿ ಹಾಕುವಾಗ ಕಾಲೇಜು ಕೋರ್ಸ್ ಮಾಡಿದ್ದೀರಾ ಎಂದು ಕೇಳುತ್ತಾರೆ, ಸಿ ಗ್ರೇಡ್ ಬಂದಿದ್ದರೂ ತೋರಿಸಲೇಬೇಕು. ಕೋರ್ಸ್ ಕೈಬಿಡುವ ಕೊನೆಯ ದಿನ ಯಾವುದು ಎಂಬುದನ್ನು ಮಗಳೂ ತಿಳಿದಿರಲಿ. ಏಳು ವಾರದಲ್ಲಿ ಒಂದು ಸೆಮಿಸ್ಟರ್ ಓಡುತ್ತದೆ, ಮೊದಲ ವಾರ ಹಿಂದೆ ಬಿದ್ದವರು ಹಿಡಿಯುವುದು ಕಷ್ಟ.

ಥೇಮ್ಸ್‌ಕನ್ನಡ ಉತ್ತರ:

ಇಂಗ್ಲೆಂಡ್, ಅಮೆರಿಕದಲ್ಲಿರುವ ಕನ್ನಡದವರು ಇದನ್ನು ಓದುತ್ತಿದ್ದರೆ: ಇಲ್ಲಿನ ಸರ್ಕಾರಿ ಶಾಲೆಯಲ್ಲಿ 12ನೇ ಇಯರ್‌ನಲ್ಲಿರುವ ಮಕ್ಕಳಿಗೆ ಆಕ್ಸ್‌ಫರ್ಡ್ ವಿಶ್ವವಿದ್ಯಾಲಯವೇ ನಡೆಸುವ ಯೂನಿಕ್ ಬೇಸಿಗೆ ಶಾಲೆ ಇದೆ, ಪೂರ್ತಿ ಉಚಿತ. ಸಟ್ಟನ್ ಟ್ರಸ್ಟ್‌ನ ಬೇಸಿಗೆ ಶಾಲೆಗಳೂ ಹಾಗೆಯೇ. ಅಮೆರಿಕದ ಪೌರತ್ವ ಅಥವಾ ಗ್ರೀನ್ ಕಾರ್ಡ್ ಇದ್ದರೆ ಎಂಐಟಿಯ ಬೇಸಿಗೆ ಕಾರ್ಯಕ್ರಮ ಮೈಟ್ಸ್ ಉಚಿತ. ಎಚ್-4ನಲ್ಲಿರುವ (ಕೆಲಸದ ವೀಸಾದವರ ಕುಟುಂಬಕ್ಕೆ ಕೊಡುವ ವೀಸಾ) ಮಕ್ಕಳಿಗೆ ಅದು ಸಿಗುವುದಿಲ್ಲ, ಹಲವರು ಅರ್ಜಿ ಅರ್ಧ ತುಂಬಿದ ಮೇಲೆ ಗಮನಿಸುತ್ತಾರೆ. ಭಾರತದಲ್ಲಿ ಓದುತ್ತಿರುವವರಿಗೆ ಈ ಮೂರೂ ಅನ್ವಯಿಸುವುದಿಲ್ಲ.

ಅರ್ಜಿಮನೆ ಉತ್ತರ:

ತುಂಗಾತೀರ ಅವರೇ, ನಿಮ್ಮ ವಿಷಯದಲ್ಲಿ ನನ್ನ ಅಭಿಪ್ರಾಯ: ಸಿಇಟಿಯೋ ಅಮೆರಿಕವೋ ತೀರ್ಮಾನವಾಗುವ ತನಕ ಏಳೂವರೆ ಲಕ್ಷ ಹಾಕಬೇಡಿ. ಸಾಲ ಮಾಡಿ ಅಂತೂ ಬೇಡವೇ ಬೇಡ, ಅದೇ ಹಣ ಪದವಿಯ ಮೊದಲ ವರ್ಷಕ್ಕೆ ಬೇಕಾಗುತ್ತದೆ. 10ರ ಪರೀಕ್ಷೆ ಮುಗಿದ ಮೇಲೆ 11 ಶುರುವಾಗುವ ಮುಂಚೆ ಸಿಗುವ ಬಿಡುವಿನಲ್ಲಿ ಐಐಟಿಗಳ ಆನ್‌ಲೈನ್ ಪಾಠಗಳ ತಾಣ ಎನ್‌ಪಿಟಿಇಎಲ್‌ನಲ್ಲಿ ಅವಳಿಗೆ ಹಿಡಿಸಿದ ಒಂದು ಕೋರ್ಸಿನ ಪಾಠಗಳನ್ನು ನೋಡಲಿ, ಅದಕ್ಕೆ ದುಡ್ಡಿಲ್ಲ. ನಾಲ್ಕು ವಾರ ಯಾರೂ ಹೇಳದೆ ಮುಂದುವರಿಸಿದಳು ಎಂದರೆ ಮುಂದಿನ ನವೆಂಬರ್‌ನಿಂದ ಜನವರಿಯೊಳಗೆ ಟೆಲ್ಯುರೈಡ್, ಯೇಲ್ ಎರಡಕ್ಕೂ ಅರ್ಜಿ ಹಾಕಿಸಿ, ಯೇಲ್‌ಗೆ ರಿಯಾಯಿತಿ ಅರ್ಜಿ ಸಮೇತ. ಪಾಸ್‌ಪೋರ್ಟ್ ಮಾತ್ರ ಈಗಲೇ ಮಾಡಿಸಿಡಿ.