ಆ ಹುಡುಗಿ ಅವ್ವನಿಗೆ ಹೇಳಿದಳಾ?

ಮೊನ್ನೆ ನಮ್ಮ ಗುಂಪಿನಲ್ಲಿ ಒಬ್ಬ ಅಕ್ಕ ಕೇಳಿದ್ದರು: "ಮಗ ಸೂಪರ್‌ಪವರ್ ಇರುವ ಹುಡುಗರ ಕಥೆ ಬಿಟ್ಟು ಬೇರೆ ಏನೂ ಓದಲ್ಲ. ಕನ್ನಡ ಅಂದರೆ ಎದ್ದು ಹೋಗ್ತಾನೆ. ಆ ಪುಸ್ತಕಗಳನ್ನು ಬಿಡಿಸೋದು ಹೇಗೆ?" ಎರಡು ಸಾಲಲ್ಲಿ ಉತ್ತರ ಬರೆಯೋಣ ಅಂತ ಕೂತೆ, ಆಗಲಿಲ್ಲ. ಬಿಡಿಸಬೇಡಿ ಅಕ್ಕಾ. ನಮ್ಮ ಮನೆಯಲ್ಲಿ ಈ ಬೇಸಿಗೆಯಲ್ಲಿ ಏನಾಯಿತು ಅಂತ ಹೇಳುತ್ತೇನೆ.

ನಾವಿರುವುದು ಇಂಗ್ಲೆಂಡಿನ ಲೀಡ್ಸ್‌ನಲ್ಲಿ. ನನ್ನ ತವರು ವಿಜಯಪುರ, ನಮ್ಮ ಮನೆಯವರದು ಜಮಖಂಡಿ. ಮಗಳಿಗೆ ಈಗ 13. ಜೂನ್‌ನಲ್ಲಿ ಲೈಬ್ರರಿಯಿಂದ ಒಂದು ದಪ್ಪ ವಿಜ್ಞಾನ ಕಾದಂಬರಿ ತಂದಳು. ಸಮುದ್ರದ ದಂಡೆಯ ಒಂದು ಊರು, ಅಲ್ಲಿ ಐದು ಜನ ಮಕ್ಕಳು. ಹದಿಮೂರು ತುಂಬುತ್ತಿದ್ದ ಹಾಗೆ ಒಬ್ಬೊಬ್ಬರಿಗೆ ಒಂದೊಂದು ಶಕ್ತಿ ಬರುತ್ತದೆ. ಒಬ್ಬನ ಕೈ ಕೆಂಡದ ಹಾಗೆ ಕಾಯುತ್ತದೆ, ಒಬ್ಬಳು ಕಣ್ಣಿಗೇ ಕಾಣಿಸುವುದಿಲ್ಲ. ಕಥೆ ನಡೆಯುವುದು ಇನ್ನೊಬ್ಬ ಹುಡುಗಿಯ ಸುತ್ತ. ಅವಳಿಗೆ ದೂರದವರ ಪಿಸುಮಾತೂ ಕೇಳಿಸುತ್ತದೆ. ಅದನ್ನು ಅವಳು ಯಾರಿಗೂ ಹೇಳುವುದಿಲ್ಲ, ಹೆತ್ತ ತಾಯಿಗೂ. ಕಿವಿಗೆ ಹತ್ತಿ ಇಟ್ಟುಕೊಂಡು ಓಡಾಡುತ್ತಾಳೆ.

ನಾನೂ ಓದಲು ಶುರು ಮಾಡಿದ್ದು ಭಯದಿಂದ. ಈ ಪುಸ್ತಕಗಳನ್ನು ಇಡುವ ಕಪಾಟು ಸಾಮಾನ್ಯವಾಗಿ 12ರಿಂದ 18 ವರ್ಷದವರದು. ಹನ್ನೆರಡಕ್ಕೂ ಹದಿನೆಂಟಕ್ಕೂ ಎಷ್ಟು ಅಂತರ, ಅಲ್ವಾ? ರಾತ್ರಿ ಅವಳು ಮಲಗಿದ ಮೇಲೆ ನಾನು ಓದುತ್ತಿದ್ದೆ. ಮಕ್ಕಳನ್ನು ಪ್ರಯೋಗಾಲಯದಲ್ಲಿ ಕೂಡಿ ಹಾಕುವ ಒಂದು ಅಧ್ಯಾಯ ನಿಜವಾಗಿಯೂ ಕಠಿಣವಾಗಿತ್ತು. ಅದನ್ನು ಓದಿದ ರಾತ್ರಿ ಅವಳು ನನ್ನ ಹತ್ತಿರ ಬಂದು ಮಲಗಿದಳು. ನಾನು ಮೊದಲೇ ಓದಿದ್ದರಿಂದ ಯಾಕೆ ಅಂತ ಗೊತ್ತಾಯಿತು. ಅದಕ್ಕಾದರೂ ನೀವು ಓದಬೇಕು.

ಮಾರನೇ ದಿನದಿಂದ ಒಂದು ರೂಢಿ ಬಿತ್ತು. ನಾನು ರೊಟ್ಟಿ ಬಡಿಯುವಾಗ ಅವಳು ಅಡುಗೆಮನೆಯ ಕಟ್ಟೆ ಮೇಲೆ ಕೂತು ಅವತ್ತು ಓದಿದ್ದನ್ನು ಹೇಳುವುದು. ಇಂಗ್ಲಿಷ್‌ನಲ್ಲೇ ಹೇಳುತ್ತಿದ್ದಳು, ನಾನು ಕನ್ನಡದಲ್ಲಿ ಕೇಳುತ್ತಿದ್ದೆ. ಆಮೇಲೇನಾಯ್ತು, ಯಾರು ಬಂದ್ರು, ಯಾಕೆ ಓಡಿದ್ಲು. ಅಷ್ಟೇ.

ಒಂದು ಸಂಜೆ ಆ ಹುಡುಗಿ ಗೋಡೆಯಾಚೆ ಅಪ್ಪ ಅಮ್ಮ ತನ್ನ ಬಗ್ಗೆಯೇ ಮಾತಾಡುವುದನ್ನು ಕೇಳಿಸಿಕೊಳ್ಳುವ ಭಾಗ ಬಂತು. ಹೇಳುತ್ತಾ ಹೇಳುತ್ತಾ ಮಗಳು ಸುಮ್ಮನಾದಳು. ಆಮೇಲೆ ಅಂದಳು, "ನಾನೂ ಹಾಗೇ ಮಾಡ್ತೀನಿ ಅಮ್ಮಾ. ನೀನು ಫೋನಲ್ಲಿ ಆಯಿಗೆ ಹೇಳೋದೆಲ್ಲ ನಂಗೆ ಗೊತ್ತಾಗುತ್ತೆ." ಆಯಿ ಅಂದರೆ ನಮ್ಮವ್ವ, ಅವಳ ಅಜ್ಜಿ.

"ಏನು ಗೊತ್ತಾಗುತ್ತೆ?" ಅಂದೆ.

"ಇಕಿಗೆ ಕನ್ನಡ ಹತ್ತಂಗಿಲ್ಲ ಬಿಡವ್ವಾ, ನಂದ ತಪ್ಪು."

ನನ್ನದೇ ಮಾತು, ನನ್ನದೇ ವಿಜಯಪುರದ ಧಾಟಿಯಲ್ಲಿ, ಒಂದಕ್ಷರ ಬಿಡದೆ. ತವೆಯ ಮೇಲಿನ ರೊಟ್ಟಿ ಕರಕಾಗಿ ಹೊಗೆ ಎದ್ದಿತು. ನಾನು ಒಲೆ ಆರಿಸಿ ಹಿಟ್ಟಿನ ಕೈಯಲ್ಲೇ ಅವಳನ್ನು ಹಿಡಿದುಕೊಂಡೆ. ಎಷ್ಟು ವರ್ಷದಿಂದ ಅವಳ ಎದುರಿಗೇ ಅವಳ ಬಗ್ಗೆ ಹೀಗೆ ಮಾತಾಡಿದ್ದೇನೋ! ತಪ್ಪಾಯ್ತು ಅಂದೆ. ಮತ್ತೆ ಯಾಕೆ ಮಾತಾಡಲ್ಲ ಅಂತ ಕೇಳಿದೆ. ಮೂರು ವರ್ಷದ ಹಿಂದೆ ಊರಿಗೆ ಹೋದಾಗ "ಆಯಿ ಬಂದ" ಅಂದಿದ್ದಳಂತೆ. ಎಲ್ಲರೂ ಬಿದ್ದು ಬಿದ್ದು ನಕ್ಕರು. ಮತ್ತೆ ಮತ್ತೆ ಅದನ್ನೇ ಹೇಳಿಸಿ, ವಿಡಿಯೋ ಮಾಡಿ ಮನೆಯವರಿಗೆಲ್ಲ ಕಳಿಸಿದರು. ನಾನೂ ನಕ್ಕಿದ್ದೆ. ನನಗೆ ಅದು ನೆನಪೂ ಇರಲಿಲ್ಲ. ಅವಳಿಗೆ ನಗುವಾಗ ಯಾರು ಎಲ್ಲಿ ಕೂತಿದ್ದರು ಅನ್ನುವುದೂ ನೆನಪಿದೆ.

ಭಾನುವಾರದ ಕನ್ನಡ ತರಗತಿಗೆ ಎರಡು ವರ್ಷ ಕಳಿಸಿದ್ದೆವು. ಕಾಗುಣಿತ ಬರೆದಳು, ಪದ್ಯ ಒಪ್ಪಿಸಿದಳು. ಅದು ಬೇಡ ಅಂತ ನಾನು ಹೇಳುವುದಿಲ್ಲ. ಆದರೆ ಅವಳಿಗೆ ಬೇಕಾಗಿದ್ದದ್ದು ಅಕ್ಷರಕ್ಕಿಂತ ಜಾಸ್ತಿ ಧೈರ್ಯ.

ಆಗಸ್ಟ್‌ನಲ್ಲಿ ಊರಿಗೆ ಹೊರಡುವ ಮೊದಲು ನಮ್ಮವ್ವನಿಗೆ, ಅಣ್ಣಂದಿರಿಗೆ, ವೈನಿಯರಿಗೆ ಫೋನ್ ಮಾಡಿ ಒಂದೇ ಮಾತು ಹೇಳಿದೆ. ಈ ಸಲ ಆಕೆ ಏನೇ ಅಂದರೂ ಯಾರೂ ನಗಬಾರದು, ತಿದ್ದಲೂ ಬಾರದು. ಲೈಬ್ರರಿ ಪುಸ್ತಕವೂ ಸೂಟ್‌ಕೇಸಿನಲ್ಲಿ ಬಂತು.

ನಾಗರ ಪಂಚಮಿ ಹತ್ತಿರ ಬಂದಿತ್ತು. ನಮ್ಮ ಕಡೆ ಪಂಚಮಿ ಅಂದರೆ ಉಂಡಿ, ಅಳ್ಳು, ಜೋಕಾಲಿ. ಪಡಸಾಲೆಯಲ್ಲಿ ನಮ್ಮವ್ವ ಉಂಡಿಗೆಂದು ಹುರಿದ ಶೇಂಗಾದ ಸಿಪ್ಪೆ ತಿಕ್ಕಿ ಮೊರದಲ್ಲಿ ಕೇರುತ್ತಿದ್ದಳು. ಮಗಳು ಪಕ್ಕದಲ್ಲಿ ಕೂತು ಓದುತ್ತಿದ್ದಳು.

"ಏನ್ ಓದಾಕತ್ತೀಯವಾ?"

ಮಗಳು ನನ್ನ ಮುಖ ನೋಡಿದಳು. ನಾನು ಬಾಯಿ ಬಿಡಲಿಲ್ಲ. ಆಮೇಲೆ ಅವಳೇ ಶುರು ಮಾಡಿದಳು. ಅರ್ಧ ಕನ್ನಡ, ಅರ್ಧ ಇಂಗ್ಲಿಷ್, ಉಳಿದದ್ದು ಕೈಸನ್ನೆ. ಅವ್ವ ಮೊರ ಕೆಳಗಿಟ್ಟು ಕೇಳಿದಳು.

"ಅಂದ್ರ ಪವಾಡ ಮಾಡ್ತಾಳೇನವಾ ಆ ಹುಡುಗಿ?"

ಮಗಳು ಯೋಚಿಸಿದಳು. "ಪವಾಡ ಅಲ್ಲ ಆಯಿ. ಪವಾಡಕ್ಕೆ ರೂಲ್ಸ್ ಇಲ್ಲ. ಇದಕ್ಕೆ ರೂಲ್ಸ್ ಇದೆ."

ವಿಜ್ಞಾನ ಕಾದಂಬರಿ ಅಂದರೇನು ಅಂತ ಇದಕ್ಕಿಂತ ಚೆನ್ನಾಗಿ ಹೇಳಲು ನನಗೆ ಬರುವುದಿಲ್ಲ. ಶಕ್ತಿ ಎಲ್ಲಿಂದ ಬಂತು ಅನ್ನುವುದಕ್ಕೆ ಅಲ್ಲಿ ಒಂದು ಕಾರಣ ಇರಬೇಕು. ಅದಕ್ಕೊಂದು ಮಿತಿ ಇರಬೇಕು, ಬಳಸಿದರೆ ಏನಾದರೂ ಕಳೆದುಕೊಳ್ಳಬೇಕು. ಆ ಹುಡುಗಿ ದೂರದ್ದಕ್ಕೆ ಕಿವಿ ಕೊಟ್ಟರೆ ಹತ್ತಿರದವರ ಮಾತು ಕೇಳಿಸುವುದಿಲ್ಲ. ಮಗಳು ಅದನ್ನೂ ಹೇಳಿದಳು. ಅವ್ವನಿಗೆ ಬೇರೆಯದೇ ಚಿಂತೆ: "ಊರ ಮಂದಿ ಮಾತೆಲ್ಲಾ ಕೇಳ್ಕೋತ ಕುಂತ್ರ ಆ ಕೂಸಿಗಿ ನಿದ್ದಿ ಹೆಂಗ ಬರಬೇಕವಾ?" ಕಾದಂಬರಿಯ ಆರನೇ ಅಧ್ಯಾಯದಲ್ಲಿ ಇರುವುದೂ ಅದೇ, ಅವಳಿಗೆ ನಿದ್ದೆಯೇ ಬರುವುದಿಲ್ಲ. ಮಗಳು ಕುಣಿದೇ ಬಿಟ್ಟಳು. "ಆಯಿಗೆ ಓದದೇನೇ ಗೊತ್ತಾಯ್ತು!"

ಮರುದಿನ ಬೆಳಗ್ಗೆ ಗೋಳಗುಮ್ಮಟಕ್ಕೆ ಹೋದೆವು. ಬೇಗ ಹೋಗಬೇಕು. ಜನ ಸೇರಿದ ಮೇಲೆ ಬರೀ ಕೂಗಾಟ, ಪಿಸುಮಾತಿನ ಮಜಾ ಸಿಗುವುದಿಲ್ಲ. 1656ರಲ್ಲಿ ತೀರಿಕೊಂಡ ಮೊಹಮ್ಮದ್ ಆದಿಲ್ ಶಾಹನ ಗೋರಿ ಅದು. ಏಳಂತಸ್ತಿನ ಮೂಲೆ ಗೋಪುರದ ಕಿರಿದಾದ ಮೆಟ್ಟಿಲು ಹತ್ತಿ ಒಳಗಿನ ಗ್ಯಾಲರಿಗೆ ಬಂದೆವು. ಅವಳು ಈ ಕಡೆ ನಿಂತಳು, ನಾನು ಸುತ್ತಿಕೊಂಡು ಎದುರು ಬದಿಗೆ ಹೋದೆ. ಗುಮ್ಮಟದ ಒಳಗಿನ ಅಡ್ಡಳತೆ ಸುಮಾರು 38 ಮೀಟರ್. ಆಚೆ ಕಡೆಯಿಂದ ಅವಳು ಒಂದು ನೀಲಿ ಚುಕ್ಕೆಯ ಹಾಗೆ ಕಾಣುತ್ತಿದ್ದಳು. ಗೋಡೆಗೆ ಬಾಯಿ ಹತ್ತಿರ ತಂದಳು. ನಾನು ತಣ್ಣನೆಯ ಗೋಡೆಗೆ ಕಿವಿ ಹಚ್ಚಿದೆ.

"ಅವ್ವಾ, ನನಗ ಹಸಿವಾಗ್ಯಾದ."

ಮನೆಯಲ್ಲಿ ಅವಳು ನನ್ನನ್ನು ಯಾವತ್ತೂ ಅವ್ವಾ ಅಂದವಳಲ್ಲ.

ಕೆಳಗಿಳಿದು ಹುಲ್ಲಿನ ಮೇಲೆ ಕೂತು, ಕಟ್ಟಿಕೊಂಡು ಹೋಗಿದ್ದ ರೊಟ್ಟಿ, ಶೇಂಗಾ ಚಟ್ನಿ ತಿಂದೆವು. ಗೋಡೆಯೊಳಗೆ ಮಾತು ಹೇಗೆ ಬಂತು ಅಂತ ಕೇಳಿದಳು. ದುಂಡಗಿನ ಗೋಡೆ, ಸದ್ದು ನಡುವೆ ಚದುರಿ ಹೋಗದೆ ಗೋಡೆಗುಂಟ ತಾಗುತ್ತಾ ತಾಗುತ್ತಾ ಬರುತ್ತದೆ ಅಂದೆ. ಸದ್ದಿನ ವೇಗ ಸೆಕೆಂಡಿಗೆ ಸುಮಾರು 340 ಮೀಟರ್. ಗೋಡೆಗುಂಟ ಅರ್ಧ ಸುತ್ತು ಅಂದರೆ 60 ಮೀಟರ್ ಆಗುತ್ತದೆ. ಅವಳು ನೋಟ್‌ಬುಕ್ ತೆಗೆದು ಲೆಕ್ಕ ಮಾಡಿದಳು. ಸೆಕೆಂಡಿನ ಐದನೇ ಒಂದು ಭಾಗಕ್ಕಿಂತಲೂ ಕಡಿಮೆ. ಆಮೇಲೆ ಹುಬ್ಬು ಗಂಟಿಕ್ಕಿ ಇನ್ನೊಂದು ಲೆಕ್ಕ. ಕಾದಂಬರಿಯ ಹುಡುಗಿ ಮೂರು ಕಿಲೋಮೀಟರ್ ಆಚೆಯ ಮಾತು ಕೇಳಿಸಿಕೊಂಡು ಆ ಕ್ಷಣವೇ ಓಡುತ್ತಾಳೆ. ನಿಜವಾದರೆ ಆ ಮಾತು ಅವಳ ಕಿವಿಗೆ ಬೀಳಲು ಹತ್ತಿರ ಹತ್ತಿರ 9 ಸೆಕೆಂಡ್ ಬೇಕು. "ಬರೆದವರು ತಪ್ಪು ಮಾಡಿದ್ದಾರೆ!" ಅಂದಳು. ಆ ಖುಷಿಯಲ್ಲಿ ರೊಟ್ಟಿಯನ್ನೇ ಮರೆತಳು. ಅವತ್ತು ರಾತ್ರಿ ಆ ಒಂಬತ್ತು ಸೆಕೆಂಡಿನ ಕಥೆ ಮುತ್ಯಾನಿಗೂ, ಅಂದರೆ ಅವಳ ಅಜ್ಜನಿಗೂ, ಹೇಳಿದ್ದಾಯಿತು, ಕನ್ನಡದಲ್ಲಿ. ಲಿಂಗ, ವಚನ ಎಲ್ಲ ಹಿಂದೆಮುಂದೆ. ಯಾರೂ ನಗಲಿಲ್ಲ.

ಅದಕ್ಕೇ ಅಕ್ಕಾ, ಪುಸ್ತಕ ಬಿಡಿಸಬೇಡಿ. ನೀವೂ ಅದನ್ನೇ ಓದಿ. ಮಗ ಕಥೆ ಹೇಳುವಾಗ ನೀವು ಕನ್ನಡದಲ್ಲಿ ಕೇಳುತ್ತಾ ಹೋಗಿ. ಅವನ ಎದುರಿಗೆ ಅವನ ಕನ್ನಡದ ಬಗ್ಗೆ ಫೋನಲ್ಲಿ ಯಾರಿಗೂ ಹೇಳಬೇಡಿ, ಅವನಿಗೆ ಕೇಳಿಸುತ್ತಿರುತ್ತದೆ.

ಈಗ ಭಾನುವಾರ ಫೋನ್ ಮಾಡಿದಾಗ ನಮ್ಮವ್ವ ಮೊದಲು ನನ್ನನ್ನು ಕೇಳುವುದಿಲ್ಲ. ಮೊಮ್ಮಗಳಿಗೆ ಕೊಡು ಅನ್ನುತ್ತಾಳೆ. "ಆ ಹುಡುಗಿ ಅವರವ್ವಗ ಹೇಳಿದ್ಲೇನವಾ?"

"ಇನ್ನೂ ಇಲ್ಲ ಆಯಿ. ಎರಡನೇ ಭಾಗ ಬೇರೆಯವರು ತಗೊಂಡಾರ. ಲೈಬ್ರರಿಗೆ ಬರಬೇಕು."

"ಲಗೂನ ಓದಿ ಹೇಳವಾ" ಅನ್ನುತ್ತಾಳೆ ಅವ್ವ.